ಕೊಚ್ಚಿಯೋ, ತಿರುವನಂತಪುರವೋ: ಹಿಂದೆ ಹೋದವರು ಏನು ನೋಡಿ ಹೋದರು?

ಬೆಂಗಳೂರು ಸಾಕು, ಸಮುದ್ರದ ಹತ್ತಿರ ಎಲ್ಲಾದರೂ ಇದ್ದುಬಿಡೋಣ ಎನ್ನುವ ಮಾತು ಈಚೆಗೆ ನಮ್ಮ ಸುತ್ತಮುತ್ತ ಹೆಚ್ಚು ಕೇಳಿಸುತ್ತಿದೆ. ನಿವೃತ್ತಿಯ ಅಂಚಿನಲ್ಲಿರುವ ದಂಪತಿಗಳು, ಮನೆಯಿಂದಲೇ ಕೆಲಸ ಮಾಡುವ ಹುಡುಗರು, ಮಕ್ಕಳನ್ನು ಸ್ವಲ್ಪ ಹಸಿರಿನ ನಡುವೆ ಬೆಳೆಸಬೇಕೆನ್ನುವವರು, ಎಲ್ಲರೂ ಒಂದು ಪಟ್ಟಿ ಮಾಡುತ್ತಾರೆ. ಮಂಗಳೂರು ಎಂದರೆ ನೆಂಟರು ಜಾಸ್ತಿ, ಗೋವೆ ಎಂದರೆ ದುಬಾರಿ. ಕೊನೆಗೆ ಮಾತು ಕೇರಳಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದಿನ ಪ್ರಶ್ನೆ ಒಂದೇ: ಕೊಚ್ಚಿಯೋ, ತಿರುವನಂತಪುರವೋ?

ಈ ಪ್ರಶ್ನೆಗೆ ಬಾಡಿಗೆ, ಆಸ್ಪತ್ರೆ, ವಿಮಾನ, ಸೆಕೆ ಎಂದು ನಾಲ್ಕು ಕಲಂ ಹಾಕಿ ಉತ್ತರ ಹುಡುಕುವುದು ಈಗಿನ ರೂಢಿ. ಅದು ತಪ್ಪೇನಲ್ಲ. ಆದರೆ ಉತ್ತರದಿಂದ ಕರಾವಳಿ ಹಿಡಿದು ತೆಂಕಣಕ್ಕೆ ಹೋಗಿ ನೆಲೆಸಿದವರಲ್ಲಿ ನಾವು ಮೊದಲಿಗರಲ್ಲ. ಐನೂರು ವರ್ಷಗಳಿಂದ ಗೋವೆ, ಕೆನರಾ, ತುಳುನಾಡು, ಮೈಸೂರು ಸೀಮೆಗಳಿಂದ ಜನ ಇದೇ ಎರಡು ದಿಕ್ಕಿಗೆ ಹೋಗಿದ್ದಾರೆ. ಕೆಲವರು ಕೊಚ್ಚಿಯ ಕಡೆ, ಕೆಲವರು ತಿರುವಾಂಕೂರಿನ ಕಡೆ. ಅವರೂ ಲೆಕ್ಕ ಹಾಕಿಯೇ ಹೋದವರು. ಆದರೆ ಅವರ ಲೆಕ್ಕದಲ್ಲಿ ಊರು ಹೇಗಿದೆ ಎನ್ನುವುದಕ್ಕಿಂತ ಬೇರೊಂದು ಪ್ರಶ್ನೆ ಮೊದಲು ಬರುತ್ತಿತ್ತು: ಅಲ್ಲಿ ನಮಗೆ ಜಾಮೀನು ನಿಲ್ಲುವವರು ಯಾರು?

ಕೊಚ್ಚಿ ಊರೇ ಒಂದು ಸ್ಥಳಾಂತರದಿಂದ ಹುಟ್ಟಿದ್ದು. ಅದಕ್ಕೆ ಮೊದಲು ಈ ಭಾಗದ ದೊಡ್ಡ ಬಂದರು ಕೊಡುಂಗಲ್ಲೂರು, ಹಳೆಯ ರೋಮನ್ ಬರಹಗಳಲ್ಲಿ ಬರುವ ಮುಜಿರಿಸ್ ಇದೇ ಆಸುಪಾಸಿನದು. 1341ರಲ್ಲಿ ಪೆರಿಯಾರ್ ನದಿಗೆ ಬಂದ ಭಾರಿ ಪ್ರವಾಹ ಆ ಬಂದರಿನ ಬಾಯಿಯನ್ನು ಹೂಳಿನಿಂದ ಮುಚ್ಚಿತು, ಇನ್ನಷ್ಟು ದಕ್ಷಿಣಕ್ಕೆ ಕೊಚ್ಚಿಯಲ್ಲಿ ಹೊಸ ಬಾಯಿ ತೆರೆಯಿತು ಎಂದು ಸಾಮಾನ್ಯವಾಗಿ ಇತಿಹಾಸಕಾರರು ಹೇಳುತ್ತಾರೆ. ವ್ಯಾಪಾರಿಗಳು ನೀರಿನ ಹಿಂದೆ ಹೋದರು, ರಾಜಮನೆತನ ವ್ಯಾಪಾರಿಗಳ ಹಿಂದೆ ಹೋಯಿತು. 1500ರಲ್ಲಿ ಪೋರ್ಚುಗೀಸ್ ಹಡಗುಗಳು ಬಂದಾಗ ಕೊಚ್ಚಿ ಇನ್ನೂ ಎಳೆಯ ಊರು. ಅಲ್ಲಿನ ರಾಜ ಕೋಳಿಕ್ಕೋಡಿನ ಸಾಮೂದಿರಿಯ ಕಾಟದಿಂದ ತಪ್ಪಿಸಿಕೊಳ್ಳಲು ಹೊರಗಿನ ಬೆಂಬಲ ಹುಡುಕುತ್ತಿದ್ದ. ಬಂದವರಿಗೆ ಜಾಗ ಕೊಟ್ಟ. ಕೊಚ್ಚಿಯ ಸ್ವಭಾವ ಅಂದಿನಿಂದಲೂ ಅದೇ. ಬಾಗಿಲು ತೆರೆದಿರುತ್ತದೆ, ಆದರೆ ಮನೆಯ ಯಜಮಾನ ಆಗಾಗ ಬದಲಾಗುತ್ತಾನೆ.

ತಿರುವನಂತಪುರದ್ದು ಇದಕ್ಕೆ ಉಲ್ಟಾ. ಅದು ಬಂದರಿನಿಂದ ಬೆಳೆದ ಊರಲ್ಲ, ಗುಡಿಯಿಂದ ಬೆಳೆದ ಊರು. ತಿರುವಾಂಕೂರಿನ ಅರಸ ಮಾರ್ತಾಂಡವರ್ಮ 1750ರ ಜನವರಿಯಲ್ಲಿ ತನ್ನ ಇಡೀ ರಾಜ್ಯವನ್ನು ಅನಂತಪದ್ಮನಾಭನಿಗೆ ಒಪ್ಪಿಸಿ, ತಾನು ದೇವರ ದಾಸನಾಗಿ ಆಳುವೆನೆಂದು ಘೋಷಿಸಿದ. ಆಗ ರಾಜಧಾನಿ ಇದ್ದದ್ದು ಇನ್ನೂ ದಕ್ಷಿಣದ ಪದ್ಮನಾಭಪುರದಲ್ಲಿ. ಮುಂದಿನ ಅರಸ ಕಾರ್ತಿಕ ತಿರುನಾಳ್ ರಾಮವರ್ಮನ ಕಾಲದಲ್ಲಿ, 1795ರಲ್ಲಿ, ರಾಜಧಾನಿಯೂ ದೇವರ ಊರಿಗೆ ಬಂತು. ಆಮೇಲೆ ಅಲ್ಲಿಗೆ ಹೋದವರೆಲ್ಲ ಬಹುಮಟ್ಟಿಗೆ ಕರೆಸಿಕೊಂಡು ಹೋದವರು: ಅರ್ಚಕರು, ದಿವಾನರು, ಸಂಗೀತಗಾರರು, ನೇಕಾರರು. ತಾವಾಗಿ ನುಗ್ಗಿದವರು ಕಡಿಮೆ.

ಕೊಚ್ಚಿಗೆ ನುಗ್ಗಿದವರಲ್ಲಿ ನಮಗೆ ಹತ್ತಿರದವರು ಕೊಂಕಣಿಗಳು. ಗೋವೆಯಲ್ಲಿ ಪೋರ್ಚುಗೀಸರು 1540ರ ಸುಮಾರಿಗೆ ತಿಸ್ವಾಡಿಯ ದೇವಸ್ಥಾನಗಳನ್ನು ಕೆಡವಿದರು. 1560ರಲ್ಲಿ ಇನ್‌ಕ್ವಿಸಿಶನ್ ಎಂಬ ಧರ್ಮವಿಚಾರಣೆಯ ಪೀಠ ಬಂತು. ಆ ದಶಕಗಳಲ್ಲಿ ಗೌಡ ಸಾರಸ್ವತರು, ಅವರ ಜೊತೆಗೆ ಕುಡುಬಿಗಳು, ಅಕ್ಕಸಾಲಿಗರು ಮೊದಲಾದ ಅನೇಕ ಜಾತಿಯವರು ದೇವರ ಮೂರ್ತಿಗಳನ್ನು ಹೊತ್ತು ಊರು ಬಿಟ್ಟರು. ಈ ವಲಸೆಯ ಒಂದು ಕವಲು ನಮಗೆ ಚೆನ್ನಾಗಿ ಗೊತ್ತು. ಹೊನ್ನಾವರ, ಭಟ್ಕಳ, ಬಸರೂರು, ಮಂಗಳೂರುಗಳ ಪೈ, ಕಿಣಿ, ಶೆಣೈ, ಕಾಮತ್, ಪ್ರಭು ಮನೆತನಗಳು ಅದರವೇ. ಕೊಚ್ಚಿಯಲ್ಲಿ ಸಿಗುವುದೂ ಅವೇ ಹೆಸರುಗಳು. ಅಂದರೆ ಒಂದೇ ದೋಣಿಯ ಸಾಲಿನಲ್ಲಿ ಕೆಲವರು ಕೆನರಾದಲ್ಲಿ ಇಳಿದರು, ಕೆಲವರು ಇಳಿಯದೆ ಮುಂದೆ ಹೋದರು.

ಮುಂದೆ ಹೋದವರು ಯಾಕೆ ಹೋದರು? ಕೆನರಾದಲ್ಲಿ ಕನ್ನಡದ ನಾಯಕರ ಆಶ್ರಯವಿತ್ತು, ಭಾಷೆ ಕಿವಿಗೆ ಬಿದ್ದದ್ದೇ, ಗೋವೆಯೂ ಹತ್ತಿರ. ಮೇಲ್ನೋಟಕ್ಕೆ ಇಲ್ಲೇ ನಿಲ್ಲುವುದು ಬುದ್ಧಿವಂತಿಕೆ. ಉತ್ತರ ಅಕ್ಕಿಯಲ್ಲಿದೆ ಎಂದು ನನಗೆ ಕಾಣುತ್ತದೆ. ಮಲಯಾಳ ಸೀಮೆ ಮೆಣಸು ಬೆಳೆಯುತ್ತಿತ್ತು, ಹೊಟ್ಟೆಗೆ ಬೇಕಾದಷ್ಟು ಅಕ್ಕಿ ಬೆಳೆಯುತ್ತಿರಲಿಲ್ಲ. ಕೆನರಾ ತನ್ನ ಹೊಟ್ಟೆಗೆ ಮಿಕ್ಕಿ ಅಕ್ಕಿ ಬೆಳೆಯುತ್ತಿತ್ತು. ಬಸರೂರು, ಮಂಗಳೂರುಗಳಿಂದ ಅಕ್ಕಿಯ ಮೂಟೆ ದಕ್ಷಿಣಕ್ಕೆ ಹೋಗಬೇಕು, ಅಲ್ಲಿಂದ ಮೆಣಸು, ತೆಂಗು, ಅಡಿಕೆ ಬರಬೇಕು. ಈ ಎರಡು ತುದಿಯಲ್ಲೂ ನೆಂಟರಿದ್ದರೆ ವ್ಯಾಪಾರಕ್ಕೆ ಬೇರೆ ದಸ್ತಾವೇಜು ಬೇಡ. ಅಣ್ಣ ಬಸರೂರಿನಲ್ಲಿ, ತಮ್ಮ ಮಟ್ಟಾಂಚೇರಿಯಲ್ಲಿ. ಕೊಚ್ಚಿಗೆ ಹೋದ ಕೊಂಕಣಿಯ ಜಾಮೀನು ಕೆನರಾದಲ್ಲಿ ಉಳಿದ ಕೊಂಕಣಿ.

ಇದರಲ್ಲಿ ಒಂದು ವಿಚಿತ್ರವಿದೆ. ಪೋರ್ಚುಗೀಸರಿಂದ ಓಡಿದವರು ಹೋಗಿ ನಿಂತದ್ದು ಪೋರ್ಚುಗೀಸರದೇ ಕೋಟೆಯ ಪಕ್ಕದಲ್ಲಿ! 1503ರಲ್ಲಿ ಅವರು ಕಟ್ಟಿದ ಮನುವೇಲ್ ಕೋಟೆಯೂ ಅದರ ಸುತ್ತಣ ಊರೂ ಸಮುದ್ರದ ದಡದಲ್ಲಿ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ರಾಜನ ಮಟ್ಟಾಂಚೇರಿ. ಪೋರ್ಚುಗೀಸರ ಬಾಯಲ್ಲಿ ಅದು ಮೇಲಿನ ಕೊಚ್ಚಿ, ಕೋಟೆಯ ಊರು ಕೆಳಗಿನ ಕೊಚ್ಚಿ. ಕೆಳಗಿನ ಕೊಚ್ಚಿಯಲ್ಲಿ ಚರ್ಚಿನ ಕಾನೂನು, ಮೇಲಿನ ಕೊಚ್ಚಿಯಲ್ಲಿ ಹಿಂದೂ ರಾಜನ ಕಾನೂನು. ಕೊಂಕಣಿಗಳು ಹಿಡಿದದ್ದು ಮೇಲಿನದನ್ನು. ಗಿರಾಕಿ ಕೆಳಗೆ, ದೇವರು ಮೇಲೆ. ಕೊಡುಂಗಲ್ಲೂರನ್ನು ಬಿಟ್ಟು ಬಂದ ಯಹೂದಿಗಳೂ ಮಾಡಿದ್ದು ಇದನ್ನೇ. ಅವರ ಪರದೇಸಿ ಸಿನಗಾಗ್ 1568ರದ್ದು, ಅದರ ಗೋಡೆ ರಾಜನ ಅರಮನೆಯ ಆವರಣಕ್ಕೆ ತಾಗಿಕೊಂಡೇ ಇದೆ. ಜಾಗ ಆರಿಸುವುದೆಂದರೆ ಊರನ್ನು ಆರಿಸುವುದಲ್ಲ, ಯಾವ ಗೋಡೆಗೆ ಬೆನ್ನು ಕೊಡುತ್ತೇವೆ ಎಂಬುದನ್ನು ಆರಿಸುವುದು ಎಂದು ಅವರಿಗೆ ಗೊತ್ತಿತ್ತು.

ಮಟ್ಟಾಂಚೇರಿಯ ಚೆರ್ಲಾಯಿಯಲ್ಲಿ ತಿರುಮಲ ದೇವರ ಗುಡಿ ಎದ್ದಿತು. ಅದರ ಸುತ್ತ ಕೊಂಕಣಿ ಬೀದಿಗಳು, ಅಂಗಡಿ, ಹಪ್ಪಳದ ಮನೆಗಳು. 1663ರಲ್ಲಿ ಡಚ್ಚರು ಪೋರ್ಚುಗೀಸರನ್ನು ಓಡಿಸಿ ಕೊಚ್ಚಿ ಹಿಡಿದ ಮೇಲೆ ಕೊಂಕಣಿ ವರ್ತಕರಿಗೆ ಕಂಪನಿಯ ರಕ್ಷಣೆಯೂ ಸಿಕ್ಕಿತು. ಗೌರವವೂ ಸಿಕ್ಕಿತೆನ್ನಬೇಕು. ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಮಾಡಿಸಿದ ‘ಹೋರ್ಟಸ್ ಮಲಬಾರಿಕಸ್’ ಎಂಬ ಹನ್ನೆರಡು ಸಂಪುಟಗಳ ಸಸ್ಯಗ್ರಂಥದಲ್ಲಿ ಈಳವ ವೈದ್ಯ ಇಟ್ಟಿ ಅಚ್ಯುತನ್ ಅವರ ಜೊತೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರ ಪಾಲೂ ಇದೆ. 1675ರಲ್ಲಿ ಅವರು ಬರೆದುಕೊಟ್ಟ ಪ್ರಮಾಣಪತ್ರ ಕೊಂಕಣಿಯಲ್ಲಿ, ನಾಗರಿ ಲಿಪಿಯಲ್ಲಿ, 1678ರ ಮೊದಲ ಸಂಪುಟದಲ್ಲೇ ಅಚ್ಚಾಯಿತು. ಊರು ಬಿಟ್ಟು ನೂರು ವರ್ಷವಾದ ಮೇಲೂ ಸಹಿ ಹಾಕುವಾಗ ಮನೆಯ ಭಾಷೆಯೇ ಬಂದದ್ದು ನೋಡಿ.

ಆದರೆ ಕಂಪನಿಯ ರಕ್ಷಣೆ ಕಂಪನಿಗೆ ಬಲವಿರುವ ತನಕ. ಹದಿನೆಂಟನೆಯ ಶತಮಾನದ ಕೊನೆಗೆ ಡಚ್ಚರು ಸೊರಗಿದ್ದರು. ಕೊಚ್ಚಿಯ ಗದ್ದುಗೆಗೆ 1790ರಲ್ಲಿ ರಾಮವರ್ಮ ಬಂದ, ಶಕ್ತನ್ ತಂಬುರಾನ್ ಎಂದೇ ಜನ ನೆನೆಯುವ ಅರಸ. 1791ರ ಆರಂಭದಲ್ಲಿ ಆತ ಇಂಗ್ಲಿಷ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡ. ವರ್ಷವರ್ಷವೂ ಕಪ್ಪ ಕೊಡಬೇಕು, ಅದು ಲಕ್ಷ ರೂಪಾಯಿಗೆ ಏರುವಂಥದ್ದು. ಹಣ ಎಲ್ಲಿಂದ? ಮಟ್ಟಾಂಚೇರಿಯಲ್ಲಿ ಕಣ್ಣಿಗೆ ಹೊಡೆಯುವಂತೆ ಇದ್ದದ್ದು ಕೊಂಕಣಿಗಳ ಅಂಗಡಿಗಳು ಮತ್ತು ಅವರ ದೇವರ ಭಂಡಾರ. ಅವರೋ ರಾಜನಿಗೆ ಬಗ್ಗುವ ಬದಲು ಡಚ್ಚರ ಹತ್ತಿರ ದೂರು ಒಯ್ಯುತ್ತಿದ್ದರು. ಅದೇ ವರ್ಷ ರಾಜನ ಜನ ಕೊಂಕಣಿ ಕೇರಿಯ ಮೇಲೆ ಬಿದ್ದರು. ಮುಖಂಡರು ಕೊಲೆಯಾದರು, ಅಂಗಡಿಗಳು ಲೂಟಿಯಾದವು. ತಿರುಮಲ ದೇವರ ಮೂರ್ತಿಯನ್ನು ಕೊಂಕಣಿಗಳು ಗಡಿ ದಾಟಿಸಿ ತಿರುವಾಂಕೂರಿಗೆ ಸಾಗಿಸಿದರು.

ಶಕ್ತನ್ ತಂಬುರಾನ್ ಕೇರಳದ ಇತಿಹಾಸದಲ್ಲಿ ದೊಡ್ಡ ಹೆಸರು. ತೃಶ್ಶೂರನ್ನು ಕಟ್ಟಿದವನು, ಪೂರಂ ಉತ್ಸವಕ್ಕೆ ಈಗಿನ ರೂಪ ಕೊಟ್ಟವನು. ಅದೆಲ್ಲ ನಿಜ. ಚೆರ್ಲಾಯಿಯಲ್ಲಿ ನಿಂತು ನೋಡಿದರೆ ಅದೇ ಅರಸ ಬೇರೆ ಕಾಣುತ್ತಾನೆ, ಅದೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ.

ಎರಡನೆಯ ಸಲ ಊರು ಬಿಡುವಾಗ ಕೊಂಕಣಿಗಳ ಎದುರು ನಿಜವಾಗಿ ಈ ಲೇಖನದ ಪ್ರಶ್ನೆಯೇ ಇತ್ತು: ಕೊಚ್ಚಿಯೋ, ತಿರುವಾಂಕೂರೋ? ತಿರುವಾಂಕೂರಿನಲ್ಲಿ ಆಗ ಆಲಪ್ಪುಳ ಎಂಬ ಹೊಸ ಬಂದರು ಬೆಳೆಯುತ್ತಿತ್ತು. 1762ರಲ್ಲಿ ತೆರೆದ ಆ ಬಂದರನ್ನು ದಿವಾನ ರಾಜಾ ಕೇಶವದಾಸ ಬೆಳೆಸುತ್ತಿದ್ದ. ಕಾಲುವೆ ತೋಡಿಸಿದ, ಮಳಿಗೆ ಕಟ್ಟಿಸಿದ, ಗುಜರಾತ್ ಕಚ್ಛ್‌ಗಳಿಂದ ವರ್ತಕರನ್ನು ಕರೆಸಿದ. ಮಾರ್ತಾಂಡವರ್ಮನ ಕಾಲದಿಂದಲೂ ಮೆಣಸು ಅಲ್ಲಿ ಸರಕಾರದ ಏಕಸ್ವಾಮ್ಯ. ಹೀಗಾಗಿ ಅಲ್ಲಿ ವ್ಯಾಪಾರಿಗೆ ಸ್ವಾತಂತ್ರ್ಯ ಕಡಿಮೆ, ಭದ್ರತೆ ಹೆಚ್ಚು. ಲೂಟಿ ಕಂಡು ಬಂದವರಿಗೆ ಈ ವಿನಿಮಯ ಹಗ್ಗವಾಗಿಯೇ ಕಂಡಿರಬೇಕು. ದೇವರೂ ಆಲಪ್ಪುಳದಲ್ಲೇ ನೆಲೆಯಾದ. ಸುಮಾರು ಅರವತ್ತು ವರ್ಷ.

ಆಮೇಲೆ 1853ರಲ್ಲಿ ಕೊಚ್ಚಿಯ ಕೊಂಕಣಿಗಳು ಮೂರ್ತಿಯನ್ನು ವಾಪಸು ತಂದರು. ಗುಟ್ಟಾಗಿ ತಂದರೆಂಬುದು ಸಮುದಾಯದ ನೆನಪು. ಆಲಪ್ಪುಳದವರು ಬಿಟ್ಟ ಜಾಗದಲ್ಲಿ ಬೇರೆ ಮೂರ್ತಿ ಸ್ಥಾಪಿಸಿದರು. ಈಗ ಎರಡೂ ಊರಲ್ಲಿ ತಿರುಮಲ ದೇವರಿದ್ದಾನೆ, ಎರಡೂ ಊರಲ್ಲಿ ರಥ ಹೊರಡುತ್ತದೆ. ಯಾರ ನಿರ್ಧಾರ ಸರಿ ಎಂದು ಕೇಳಿದರೆ, ಯಾವ ವರ್ಷದ ಲೆಕ್ಕ ಎಂದು ಕೇಳಬೇಕಾಗುತ್ತದೆ. 1800ರಲ್ಲಿ ಆಲಪ್ಪುಳಕ್ಕೆ ಹೋದವರು ಜಾಣರು. ಆದರೆ 1920ರಲ್ಲಿ ರಾಬರ್ಟ್ ಬ್ರಿಸ್ಟೊ ಎಂಬ ಇಂಗ್ಲಿಷ್ ಎಂಜಿನಿಯರ್ ಕೊಚ್ಚಿಗೆ ಬಂದ. ಬಂದರಿನ ಬಾಯಿಗೆ ಅಡ್ಡವಾಗಿದ್ದ ಮರಳಿನ ದಿಬ್ಬವನ್ನು ಕಡಿದ, ಆ ಹೂಳನ್ನೇ ಸುರಿದು ವೆಲ್ಲಿಂಗ್ಡನ್ ದ್ವೀಪವನ್ನು ಮಾಡಿದ. 1928ರ ಮೇ 26ರಂದು ‘ಪದ್ಮಾ’ ಎಂಬ ಹಡಗು ಒಳಬಂದರಿಗೆ ಬಂತು. ಅಲ್ಲಿಂದ ಮುಂದೆ ಆಲಪ್ಪುಳದ ಕಡಲಕಟ್ಟೆ ನಿಧಾನವಾಗಿ ಬರಿದಾಯಿತು. ಈಗ ಅಲ್ಲಿ ಮುರಿದ ಕಂಬಗಳ ಮುಂದೆ ಜನ ಫೋಟೋ ತೆಗೆದುಕೊಳ್ಳುತ್ತಾರೆ.

ಕೊಂಕಣಿಗಳು ಆಲಪ್ಪುಳಕ್ಕೆ ಹೋದ ಕಾಲದಲ್ಲೇ ಇನ್ನೊಂದು ದೊಡ್ಡ ಗುಂಪು ತಿರುವಾಂಕೂರಿನ ಗಡಿ ದಾಟುತ್ತಿತ್ತು. ಅದಕ್ಕೆ ಕಾರಣ ನಮ್ಮ ಶ್ರೀರಂಗಪಟ್ಟಣ. 1766ರಲ್ಲಿ ಹೈದರನ ಸೈನ್ಯ ಮಲಬಾರಿಗೆ ಇಳಿಯಿತು, 1788ರ ನಂತರ ಟಿಪ್ಪುವಿನದು. ಮಲಬಾರಿನ ಅರಸು ಮನೆತನಗಳು, ನಂಬೂದಿರಿಗಳು, ನಾಯರ್ ಕುಟುಂಬಗಳು ದಕ್ಷಿಣಕ್ಕೆ ಓಡಿದವು. ಅವರಿಗೆಲ್ಲ ಹತ್ತಿರದ್ದು ಕೊಚ್ಚಿ. ಆದರೆ ಕೊಚ್ಚಿಯ ರಾಜ ಆಗ ಮೈಸೂರಿಗೆ ಕಪ್ಪ ಕೊಡುವವನು, ಅವನ ಗೋಡೆಗೆ ಬೆನ್ನು ಕೊಡುವಂತಿರಲಿಲ್ಲ. ಹಾಗಾಗಿ ಜನ ಕೊಚ್ಚಿಯನ್ನು ದಾಟಿ ತಿರುವಾಂಕೂರಿಗೆ ಹೋದರು. ರಾಜಧಾನಿಯನ್ನು ತಿರುವನಂತಪುರಕ್ಕೆ ತಂದ ಅದೇ ಕಾರ್ತಿಕ ತಿರುನಾಳ್ ಅವರಿಗೆ ನೆಲೆ ಕೊಟ್ಟ. ಅದಕ್ಕೇ ಆತನಿಗೆ ಧರ್ಮರಾಜ ಎಂಬ ಹೆಸರು. ಪರಪ್ಪನಾಡಿನ ಅರಸು ಮನೆತನದವರು ಬಂದು ನೆಲೆಸಿದ ಲಕ್ಷ್ಮೀಪುರಂ ಅರಮನೆ ಚಂಗನಾಶ್ಶೇರಿಯಲ್ಲಿ ಇವತ್ತೂ ಇದೆ. ನಾವು ಕನ್ನಡದಲ್ಲಿ ಆ ಯುದ್ಧಗಳನ್ನು ಓದುವಾಗ ದಂಡು ಹೊರಟ ಕಡೆಯಿಂದ ಓದುತ್ತೇವೆ. ಚಂಗನಾಶ್ಶೇರಿಯಲ್ಲಿ ಅದೇ ಕಥೆಯನ್ನು ದಂಡು ಬಂದ ಕಡೆಯಿಂದ ಕೇಳಬೇಕಾಗುತ್ತದೆ.

ತಿರುವನಂತಪುರದ ಗುಡಿಗೆ ನಮ್ಮ ಕಡೆಯಿಂದ ಹೋದವರು ಇವರಿಗಿಂತ ಎಷ್ಟೋ ಹಳಬರು. ಪದ್ಮನಾಭಸ್ವಾಮಿಯ ಮುಖ್ಯ ಅರ್ಚಕರನ್ನು ನಂಬಿ ಎನ್ನುತ್ತಾರೆ. ಪೆರಿಯ ನಂಬಿ, ಪಂಚಗವ್ಯತ್ತು ನಂಬಿ ಇಬ್ಬರು ಪದ್ಮನಾಭನಿಗೆ, ನರಸಿಂಹನಿಗೆ ಒಬ್ಬರು, ಕೃಷ್ಣನಿಗೆ ಒಬ್ಬರು. ಈ ನಾಲ್ವರನ್ನು ಆರಿಸುವುದು ತಿರುವನಂತಪುರದಿಂದಲ್ಲ, ಐನೂರು ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕಿರುವ ಕಾಸರಗೋಡಿನ ಚಂದ್ರಗಿರಿ ಹೊಳೆಯ ಎರಡು ದಡಗಳಿಂದ. ಹೊಳೆಯಾಚೆಯವರು ಅಕ್ಕರೆ ದೇಶಿಗಳು, ಈಚೆಯವರು ಇಕ್ಕರೆ ದೇಶಿಗಳು. ಆಚೆಯವರೆಂದರೆ ತುಳು ಬ್ರಾಹ್ಮಣರು. ಗಮನಿಸಿ, ‘ಆಚೆ’ ಎನ್ನುವುದು ತಿರುವನಂತಪುರದಿಂದ ನೋಡಿದ ಆಚೆ. ಹೆಸರಿಟ್ಟವರು ದಕ್ಷಿಣದಲ್ಲಿ ನಿಂತು ಉತ್ತರಕ್ಕೆ ಕೈ ತೋರಿಸಿದ್ದಾರೆ.

ತುಳುನಾಡಿನ ಮನೆಗಳಲ್ಲಿ ಶಾಂತಿಗೆ ಹೋಗುವುದೆಂದರೆ ಮಲಯಾಳ ಸೀಮೆಯ ಗುಡಿಗಳಿಗೆ ಪೂಜೆಗೆ ಹೋಗುವುದು. ಹಾಗೆ ಹೋದವರು ಅಲ್ಲಿ ಎಂಬ್ರಾಂದಿರಿ ಎನಿಸಿಕೊಂಡರು, ತಿರುವಾಂಕೂರಿನಲ್ಲಿ ಪೋಟ್ಟಿ ಎನಿಸಿಕೊಂಡರು. ಕೆಲವರು ಬಂದು ಹೋಗುವವರು, ಕೆಲವರು ಮಲಯಾಳಿಗಳೇ ಆಗಿಹೋದರು. ಅಷ್ಟು ದೂರದಿಂದ ಅರ್ಚಕನನ್ನು ಕರೆಸುವ ಹಟ ಏಕೆ? ಶಾಸ್ತ್ರದ ಕಾರಣಗಳನ್ನು ಹೇಳುತ್ತಾರೆ. ನನಗೆ ಇದರಲ್ಲಿ ರಾಜಕಾರಣವೂ ಕಾಣುತ್ತದೆ. ಆ ಗುಡಿಯ ಆಡಳಿತ ಮಾರ್ತಾಂಡವರ್ಮನಿಗೆ ಮೊದಲು ಸ್ಥಳೀಯ ಪ್ರಬಲರ ಕೈಯಲ್ಲಿತ್ತು, ಅದಕ್ಕಾಗಿ ರಕ್ತವೂ ಹರಿದಿದೆ. ಗರ್ಭಗುಡಿಯಲ್ಲಿ ನಿಲ್ಲುವವನಿಗೆ ಊರಲ್ಲಿ ಮಾವ, ಭಾವ, ದಾಯಾದಿ ಯಾರೂ ಇಲ್ಲದಿರುವುದು ಒಂದು ಅನುಕೂಲ. ಪರವೂರಿನವನೆಂಬ ಕಾರಣಕ್ಕೇ ಅವನ ಮೇಲೆ ನಂಬಿಕೆ. ಕೊಚ್ಚಿಯಲ್ಲಿ ಹೊರಗಿನವನಾಗಿರುವುದು ಅಪಾಯ, ಇಲ್ಲಿ ಅದೇ ಅರ್ಹತೆ!

ಅರಮನೆಯೂ ಹಾಗೆಯೇ ಕರೆಸಿಕೊಂಡಿತು. ಸ್ವಾತಿ ತಿರುನಾಳ್ ಅರಸನಾಗಿದ್ದ ಕಾಲದಲ್ಲಿ, 1829ರಿಂದ 1846ರವರೆಗೆ, ತಂಜಾವೂರಿನಿಂದ ಸಂಗೀತಗಾರರು ಬಂದರು. ಆ ಅರಸ ಸಂಸ್ಕೃತ, ಮಲಯಾಳ, ತೆಲುಗು, ಹಿಂದುಸ್ತಾನಿಗಳ ಜೊತೆಗೆ ಕನ್ನಡದಲ್ಲೂ ಒಂದೆರಡು ಕೃತಿ ಮಾಡಿದ್ದಾನೆ. ದಿವಾನರೂ ಹೊರಗಿನವರೇ ಹೆಚ್ಚು. 1904ರಿಂದ 1906ರವರೆಗೆ ತಿರುವಾಂಕೂರಿನ ದಿವಾನರಾಗಿದ್ದ ವಿ. ಪಿ. ಮಾಧವರಾವ್ ಅಲ್ಲಿಂದ ನೇರ ಮೈಸೂರಿಗೆ ದಿವಾನರಾಗಿ ಬಂದರು.

ಕರೆಸಿಕೊಂಡವರಲ್ಲಿ ನೇಕಾರರ ಕಥೆಯಲ್ಲಿ ಮಾತ್ರ ಕೊಚ್ಚಿ, ತಿರುವಾಂಕೂರು ಎರಡೂ ಒಂದೇ ರೀತಿ ನಡೆದುಕೊಂಡವು. ಬಲರಾಮವರ್ಮನ ಕಾಲದಲ್ಲಿ, ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದ ಆಸುಪಾಸು, ತಮಿಳು ಸೀಮೆಯಿಂದ ಶಾಲಿಯರನ್ನು ತಂದು ತಿರುವನಂತಪುರದ ದಕ್ಷಿಣಕ್ಕೆ ಬಲರಾಮಪುರ ಎಂಬ ಊರು ಕಟ್ಟಿಸಿ ಕೂರಿಸಿದರು. ಅರಮನೆಗೆ ಮುಂಡು ಬೇಕಿತ್ತು. ಕೊಚ್ಚಿಯ ಕಡೆ ಇದೇ ಕೆಲಸಕ್ಕೆ ಬಂದವರು ನಮ್ಮವರು, ದೇವಾಂಗರು. ಒಂದು ಗುಂಪನ್ನು ಕೊಚ್ಚಿಯ ರಾಜಮನೆತನ ಮೈಸೂರು ಸೀಮೆಯಿಂದ ಕರೆಸಿ ಭಾರತಪ್ಪುಳ ಮತ್ತು ಗಾಯತ್ರಿ ಹೊಳೆಗಳು ಸೇರುವಲ್ಲಿ ಕುತ್ತಾಂಪುಳ್ಳಿಯಲ್ಲಿ ನೆಲೆಗೊಳಿಸಿತು. ಈಗ ಅದು ತೃಶ್ಶೂರು ಜಿಲ್ಲೆ. ಇನ್ನೊಂದು ಗುಂಪನ್ನು ಕೊಚ್ಚಿಯ ವಂಶಪಾರಂಪರ್ಯದ ಮಂತ್ರಿಗಳಾದ ಪಾಲಿಯಂ ಮನೆತನದವರು ತಮ್ಮ ಊರು ಚೇಂದಮಂಗಲಕ್ಕೆ ಕರೆಸಿದರು.

ಕುತ್ತಾಂಪುಳ್ಳಿಯ ದೇವಾಂಗರ ಮನೆಮಾತು ಇವತ್ತೂ ಕನ್ನಡದ ಒಂದು ರೂಪ, ಮಲಯಾಳ ತಮಿಳುಗಳು ಬೆರೆತದ್ದು. ಬರೆಯುವುದು ಮಲಯಾಳದಲ್ಲಿ. ಊರ ನಡುವೆ ಸೌಡೇಶ್ವರಿ ಗುಡಿ, ಅಂದರೆ ನಮ್ಮ ಚೌಡೇಶ್ವರಿ. ಓಣಂ ಬಂದಾಗ ಮಲಯಾಳಿ ಹೆಂಗಸರು ಉಡುವ ಚಿನ್ನದ ಅಂಚಿನ ಬಿಳಿ ಸೀರೆ, ಕೇರಳದ ಗುರುತೆಂದು ಲೋಕವೇ ತಿಳಿದಿರುವ ಆ ಸೀರೆ, ಎಷ್ಟೋ ಸಲ ಇಂಥ ಕನ್ನಡ ಮನೆಯ ಮಗ್ಗದಿಂದ ಇಳಿದದ್ದು. ಕುತ್ತಾಂಪುಳ್ಳಿ, ಚೇಂದಮಂಗಲ, ಬಲರಾಮಪುರ ಮೂರಕ್ಕೂ ಈಗ ಭೌಗೋಳಿಕ ಸೂಚಕದ ಮನ್ನಣೆ ಇದೆ. ಹೊರಗಿನಿಂದ ಬಂದವರ ಕೈಕೆಲಸ ಆ ಮಣ್ಣಿನದೇ ಎಂದು ಸರಕಾರ ಮುದ್ರೆ ಒತ್ತಿದಂತಾಯಿತು.

ಇದರ ಮಧ್ಯೆ, ಯಾರೂ ಗಂಟುಮೂಟೆ ಕಟ್ಟದೆ ನಡೆದ ಒಂದು ಸ್ಥಳಾಂತರವೂ ಇದೆ. 1949ರ ಜುಲೈ 1ರಂದು ತಿರುವಾಂಕೂರು, ಕೊಚ್ಚಿ ಎರಡೂ ಸೇರಿ ಒಂದು ರಾಜ್ಯವಾದವು. ರಾಜಧಾನಿ ಎಲ್ಲಿ? ತಿರುವನಂತಪುರಕ್ಕೆ ಸೆಕ್ರೆಟೇರಿಯಟ್, ಕೊಚ್ಚಿಯವರ ಸಮಾಧಾನಕ್ಕೆ ಎರ್ನಾಕುಲಂನಲ್ಲಿ ಹೈಕೋರ್ಟ್. ಹಂಚಿಕೆ ಇವತ್ತಿಗೂ ಹಾಗೆಯೇ ಇದೆ. 1956ರ ನವೆಂಬರ್ 1ರಂದು ಕೇರಳವಾದಾಗ ದಕ್ಷಿಣದ ನಾಲ್ಕು ತಾಲೂಕು ಮದರಾಸಿಗೆ ಹೋದವು. ಹಳೆಯ ರಾಜಧಾನಿ ಪದ್ಮನಾಭಪುರದ ಅರಮನೆ ಈಗ ತಮಿಳುನಾಡಿನ ನೆಲದಲ್ಲಿದೆ, ನೋಡಿಕೊಳ್ಳುವುದು ಕೇರಳ ಸರಕಾರ. ಉತ್ತರದಲ್ಲಿ ದಕ್ಷಿಣ ಕನ್ನಡದ ಕಾಸರಗೋಡು ಕೇರಳಕ್ಕೆ ಬಂತು. ಕಯ್ಯಾರ ಕಿಞ್ಞಣ್ಣ ರೈ ಅವರಂಥವರು ಬದುಕಿಡೀ ಇದರ ವಿರುದ್ಧ ಬರೆದರು, ಹೋರಾಡಿದರು. 1967ರಲ್ಲಿ ಮಹಾಜನ ಆಯೋಗ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಲಿ ಎಂದು ಶಿಫಾರಸು ಮಾಡಿತು. ಜಾರಿಯಾಗಲಿಲ್ಲ. ಪದ್ಮನಾಭನ ಅರ್ಚಕರನ್ನು ಅಕ್ಕರೆ ಇಕ್ಕರೆ ಎಂದು ವಿಂಗಡಿಸಿದ ಅದೇ ಹೊಳೆ!

ಮಂಗಳೂರು ಕಾಸರಗೋಡಿನಿಂದ ಸುಮಾರು ಐವತ್ತು ಕಿಲೋಮೀಟರು. ರಾಜಧಾನಿಗೆ ಹೋಗಬೇಕಾದರೆ ಸಂಜೆ ರೈಲು ಹತ್ತಿ ಬೆಳಿಗ್ಗೆ ಇಳಿಯಬೇಕು. ಒಂದು ಕಡತಕ್ಕೆ, ಒಂದು ಶಾಲೆಯ ಕನ್ನಡ ಮೇಷ್ಟರ ಹುದ್ದೆಗೆ ಹಾಗೆ ಇಡೀ ರಾತ್ರಿ ಪ್ರಯಾಣ ಮಾಡುವ ಕಾಸರಗೋಡಿನ ಕನ್ನಡಿಗರಿಗೆ ತಿರುವನಂತಪುರ ಆರಿಸಿಕೊಂಡ ಊರಲ್ಲ. ಕೇರಳಕ್ಕೆ ಹೋಗುವ ಉತ್ಸಾಹದಲ್ಲಿರುವ ನಾವು ಇದನ್ನು ತಿಳಿದಿದ್ದರೆ ಒಳ್ಳೆಯದು. ಅಲ್ಲಿ ಕನ್ನಡ ನಮ್ಮೊಡನೆ ಸೂಟ್‌ಕೇಸಿನಲ್ಲಿ ಬರುವ ಭಾಷೆಯಲ್ಲ, ಆ ರಾಜ್ಯದ ಉತ್ತರದ ತುದಿಯಲ್ಲಿ ಮೊದಲಿನಿಂದಲೂ ಇರುವ ಭಾಷೆ.

ಈಗಿನ ಮಾತಿಗೆ ಬರೋಣ. ಎರಡೂ ಊರು ತಮ್ಮ ಹಳೆಯ ಸ್ವಭಾವವನ್ನು ಬಿಟ್ಟಿಲ್ಲ. ತಿರುವನಂತಪುರ ಈಗಲೂ ಕರೆಸಿಕೊಳ್ಳುವ ಊರು. ಭೂಮಿಯ ಕಾಂತೀಯ ವಿಷುವದ್ರೇಖೆಗೆ ಹತ್ತಿರವೆಂದು ಊರ ಹೊರಗಿನ ತುಂಬಾ ಎಂಬ ಮೀನುಗಾರರ ಹಳ್ಳಿಯನ್ನು ಆರಿಸಿ 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿಸಿದರು. ಆ ಹಳ್ಳಿಯವರು ಚರ್ಚನ್ನೂ ಮನೆಗಳನ್ನೂ ಬಿಟ್ಟುಕೊಟ್ಟು ಬೇರೆಡೆಗೆ ಹೋದರು. ಅಂದಿನಿಂದ ಬಾಹ್ಯಾಕಾಶ ಇಲಾಖೆಯ ಕೆಲಸದ ಮೇಲೆ ಬೆಂಗಳೂರು ತಿರುವನಂತಪುರಗಳ ನಡುವೆ ವರ್ಗವಾಗುವ ಕನ್ನಡ ಕುಟುಂಬಗಳಿವೆ. 1990ರಲ್ಲಿ ಟೆಕ್ನೋಪಾರ್ಕ್ ಬಂತು, ಅದೂ ಸರಕಾರವೇ ಕಟ್ಟಿ ಕಂಪನಿಗಳನ್ನು ಕರೆದದ್ದು. ಅಲ್ಲಿಗೆ ಕೆಲಸದ ಪತ್ರ ಕೈಯಲ್ಲಿ ಹಿಡಿದು ಹೋದವರಿಗೆ ಊರು ಸಲೀಸು. ಬರಿಗೈಯಲ್ಲಿ ಹೋಗಿ ಅಂಗಡಿ ತೆರೆಯುವವರಿಗೆ ಕೊಚ್ಚಿಯೇ ಮೇಲು. ಅಲ್ಲಿ ಯಾವ ಭಾಷೆಯವನೂ ಹೊಸಬನಲ್ಲ. ಮಟ್ಟಾಂಚೇರಿಯ ಕೆಲವೇ ಬೀದಿಗಳಲ್ಲಿ ಗುಜರಾತಿ, ಕಚ್ಛಿ, ಕೊಂಕಣಿ, ತಮಿಳು, ಉರ್ದು ಎಲ್ಲ ಕಿವಿಗೆ ಬೀಳುತ್ತವೆ. ಇನ್ನು ಬಂದರಿನ ಲೆಕ್ಕ ಮತ್ತೆ ತಿರುಗುವ ಸೂಚನೆಯೂ ಇದೆ. ತಿರುವನಂತಪುರದ ಹತ್ತಿರ ವಿಳಿಂಞಂನ ಆಳನೀರಿನ ಬಂದರು 2025ರ ಮೇ 2ರಂದು ಉದ್ಘಾಟನೆಯಾಯಿತು. ದೊಡ್ಡ ಕಂಟೇನರ್ ಹಡಗುಗಳು ಈಗ ದೇವರ ಊರಿಗೆ ಬರತೊಡಗಿವೆ.

ಸೆಕೆಯ ಬಗ್ಗೆ ಕೇಳುತ್ತೀರಿ. ಬೆಂಗಳೂರಿನವರಿಗೆ ಎರಡೂ ಕಡೆ ಬೆವರು ತಪ್ಪಿದ್ದಲ್ಲ. ಮಳೆಯಲ್ಲಿ ವ್ಯತ್ಯಾಸವಿದೆ. ಕೊಚ್ಚಿಗೆ ವರ್ಷಕ್ಕೆ ಸುಮಾರು 3000 ಮಿಲಿಮೀಟರು, ತಿರುವನಂತಪುರಕ್ಕೆ 1800ರ ಆಸುಪಾಸು. ನೆಲವೂ ಬೇರೆ. ತಿರುವನಂತಪುರ ಗುಡ್ಡ ದಿಣ್ಣೆಗಳ ಮೇಲೆ ಹರಡಿದ ಊರು, ಕೊಚ್ಚಿ ಹಿನ್ನೀರಿಗೆ ಸಮನಾಗಿ ಕೂತ ಊರು. ಹಾಗೆಂದು ದಕ್ಷಿಣದ ಕಡಲು ಸಾಧುವೇನಲ್ಲ. 2017ರ ನವೆಂಬರ್ ಕೊನೆಗೆ ಬಂದ ಓಖಿ ಚಂಡಮಾರುತದಲ್ಲಿ ತಿರುವನಂತಪುರದ ಮೀನುಗಾರ ಹಳ್ಳಿಗಳು ತಮ್ಮ ಎಷ್ಟೋ ಗಂಡಸರನ್ನು ಕಳೆದುಕೊಂಡವು, ಶಂಖುಮುಖದ ಮರಳದಂಡೆ ಕೊರೆದುಹೋಗಿದೆ. ಕೊಚ್ಚಿಯ ದಕ್ಷಿಣಕ್ಕೆ ಚೆಲ್ಲಾನಂನಲ್ಲಿ ಮಳೆಗಾಲ ಬಂತೆಂದರೆ ಸಮುದ್ರ ಮನೆಯೊಳಗೇ ಬರುತ್ತಿತ್ತು, ಈಗ ಕಾಂಕ್ರೀಟಿನ ನಾಲ್ಕು ಕಾಲಿನ ಬಂಡೆಗಳನ್ನು ಪೇರಿಸಿ ಗೋಡೆ ಮಾಡಿದ್ದಾರೆ. ರಾಜನೋ ಕಂಪನಿಯೋ ಕೊಡುತ್ತಿದ್ದ ಜಾಮೀನನ್ನು ಈಗ ಸಂವಿಧಾನ ಕೊಡುತ್ತದೆ, ಯಾವ ಊರಿಗಾದರೂ ಹೋಗಿ ನೆಲೆಸಬಹುದು. ನೀರಿಗೆ ಜಾಮೀನು ನಿಲ್ಲುವವರು ಮಾತ್ರ ಯಾರೂ ಇಲ್ಲ.

2018ರ ಆಗಸ್ಟ್‌ನಲ್ಲಿ ಪೆರಿಯಾರ್ ಉಕ್ಕಿ ಚೇಂದಮಂಗಲಕ್ಕೆ ನುಗ್ಗಿತು. ಓಣಂ ಮಾರಾಟಕ್ಕೆಂದು ನೇಯ್ದಿಟ್ಟ ಬಟ್ಟೆ ಕೆಸರಾಯಿತು, ಮಗ್ಗಗಳು ಮುಳುಗಿದವು. ತೊಳೆದರೂ ಕಲೆ ಹೋಗದ ಆ ಸೀರೆಗಳನ್ನು ಕತ್ತರಿಸಿ ‘ಚೇಕುಟ್ಟಿ’ ಎಂಬ ಪುಟ್ಟ ಗೊಂಬೆಗಳನ್ನು ಮಾಡಿ ಮಾರಿದರು, ಬಂದ ಹಣ ಮಗ್ಗಗಳ ರಿಪೇರಿಗೆ ಹೋಯಿತು. ಊರು ಬಿಡುವ ಮಾತು ಎತ್ತದೆ ನೇಕಾರರು ಮತ್ತೆ ಹಾಸು ಹೂಡಿದರು. ಕೊಚ್ಚಿಯ ಸುತ್ತ ಮನೆ ನೋಡಲು ಹೋಗುವವರು ಬಾಡಿಗೆ, ಅಡ್ವಾನ್ಸು ಮಾತಾಡುವ ಮೊದಲು ಪಕ್ಕದ ಮನೆಯ ಹಿರಿಯರನ್ನು ಕರೆದು ಒಂದು ಮಾತು ಕೇಳಬೇಕು: ಚೇಟ್ಟಾ, 2018ರಲ್ಲಿ ಇಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು? ಅವರು ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ.